ಇಂಜಿನಮ್ಮನ ತವರು

ಹೊರಟದ್ದು

ಹೋಗುವಾಗ ನಾವು ಮೂವರು, ಟಿಕೆಟ್ ಮಾತ್ರ ಎರಡು. ನಾನು, ನಮ್ಮ ಯಜಮಾನರು, ಮತ್ತೆ ನನ್ನ ಕೈಚೀಲದಲ್ಲಿ ರೇಷ್ಮೆ ರವಿಕೆ ಕಣ ಸುತ್ತಿಕೊಂಡು ಕೂತ ಇಂಜಿನಮ್ಮ.

ಇಂಜಿನಮ್ಮ ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಕೆ.ಆರ್. ನಗರದ ಹತ್ತಿರ ಹೊಳೆ ಬಯಲಿನ ಊರು. ಮನೆಗೆ ಅಂಟಿಕೊಂಡೇ ಆಲೆಮನೆ. ಕಬ್ಬು ಅರೆಯುವ ಗಾಣವನ್ನು ತಿರುಗಿಸುವುದು ಒಂದು ಹಳೆಯ ಅಮೆರಿಕನ್ ಲಾರಿಯ ಇಂಜಿನ್. ಯಜಮಾನರ ತಾತ ಆ ಲಾರಿಯನ್ನು ಕೊಡಗಿನ ಕಾಫಿ ತೋಟದ ದೊರೆಯೊಬ್ಬನಿಂದ ಕೊಂಡು ಹುಣಸೂರಿನ ಡಿಪೋಗೆ ಮರದ ದಿಮ್ಮಿ ಸಾಗಿಸುತ್ತಿದ್ದರಂತೆ. ಲಾರಿಯ ಮೈ ತುಕ್ಕು ಹಿಡಿದು ಉದುರಿದ ಮೇಲೆ ಇಂಜಿನ್ ಬಿಚ್ಚಿ ಆಲೆಮನೆಯಲ್ಲಿ ಕೂರಿಸಿದರು. ಲಾರಿಯ ಮೂತಿಯಲ್ಲಿ ಅಕ್ಕಿರೊಟ್ಟಿಯಷ್ಟಗಲದ ಹಿತ್ತಾಳೆ ಬಿಲ್ಲೆ ಇತ್ತು, ಅದರಲ್ಲಿ ಒಬ್ಬ ಹೆಂಗಸಿನ ಮುಖ. ಅದನ್ನು ಮಾತ್ರ ಯಜಮಾನರ ಅಜ್ಜಿ ಗುಜರಿಗೆ ಬಿಡಲಿಲ್ಲ. ಕಾಡು ದಾರಿಯಲ್ಲಿ ಅಷ್ಟು ವರ್ಷ ಗಂಡನನ್ನು ಮನೆಗೆ ಮುಟ್ಟಿಸಿದವಳು ಇವಳೇ ಎಂದು ತಂದು ಆಲೆಮನೆಯ ದೇವರ ಗೂಡಿನಲ್ಲಿಟ್ಟರು. ಅಜ್ಜಿಯಿಂದ ನಮ್ಮ ಅತ್ತೆಗೆ, ಅತ್ತೆಯಿಂದ ನನಗೆ ಪೂಜೆ ಬಂತು. ನಾನು ಸೊಸೆಯಾಗಿ ಬಂದು ಮೂವತ್ತೊಂದು ವರ್ಷ. ಅಷ್ಟೂ ವರ್ಷ ಶುಕ್ರವಾರ ತಪ್ಪಿಸಿಲ್ಲ.

ಹೋದ ಹಂಗಾಮಿನಲ್ಲಿ ಇಂಜಿನ್ನಿನ ಒಳಗಿನ ಒಂದು ಗೇರು ಹಲ್ಲು ಮುರಿದುಕೊಂಡಿತು. ಮೈಸೂರಿನ ಲೇತ್‌ನವರು ಎರಡು ಸಲ ಮಾಡಿಕೊಟ್ಟರು, ಎರಡೂ ಒಂದೊಂದು ವಾರವೂ ನಿಲ್ಲಲಿಲ್ಲ. ನನ್ನ ಮೈದುನನಿಗೆ ಸಾಕಾಗಿ ಹೋಗಿತ್ತು. "ಅಣ್ಣ, ಈ ಮುದಿ ಇಂಜಿನ್ನ ಗುಜ್ರಿಗೆ ಆಕ್ಬುಟ್ಟು ಒಂದು ಮೋಟ್ರು ಕೂರ್ಸಣ. ನೀನು ಒಳ್ಳೆ ಎತ್ತು ಸಾಕ್ದಂಗೆ ಸಾಕ್ತಾ ಕುಂತಿದ್ದೀಯ" ಎಂದ. ಯಜಮಾನರು ಈ ಹಂಗಾಮು ಶುರುವಾಗುವ ತನಕ ತಡಿ ಎಂದು ಕೇಳಿಕೊಂಡರು. ಹದಿನಾಲ್ಕನೆಯ ವಯಸ್ಸಿನಿಂದ ಅವರು ಆ ಇಂಜಿನ್ನಿನ ಪಕ್ಕವೇ ಉಂಡವರು, ಮಲಗಿದವರು.

ಆ ಹೊತ್ತಿಗೆ ದೇವರೇ ದಾರಿ ತೋರಿಸಿದ. ಇಂಜಿನ್ ಓಡುವ ಹಳೆಯ ವಿಡಿಯೋ ಒಂದು ಯಾರ ಯಾರದೋ ಮೊಬೈಲ್ ದಾಟಿ ಅಮೆರಿಕದ ಒಂದು ಸಂಘಕ್ಕೆ ತಲುಪಿತು. ಆ ಲಾರಿ ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ. ಅದರ ಗಾಡಿಗಳನ್ನು ಇಟ್ಟುಕೊಂಡವರು ಸೇರಿ ಸಂಘ ಮಾಡಿಕೊಂಡಿದ್ದಾರೆ. ಅವರ ಉಗ್ರಾಣದಲ್ಲಿ ಅದೇ ಗೇರು ಒಂದೇ ಒಂದು ಉಳಿದಿತ್ತು. ವಿಡಿಯೋದಲ್ಲಿ ದೂರಕ್ಕೆ ದೇವರ ಗೂಡೂ, ಹೂವಿನ ನಡುವೆ ಬಿಲ್ಲೆಯೂ ಬಿದ್ದಿತ್ತು. ಆ ಬಿಲ್ಲೆ ಅವರ ಹತ್ತಿರ ಒಂದೂ ಇಲ್ಲವಂತೆ. ಬಿಲ್ಲೆ ಕೊಡಿ, ಗೇರು ಕೊಡುತ್ತೇವೆ, ನೀವಿಬ್ಬರೂ ಬನ್ನಿ, ಟಿಕೆಟ್ ನಮ್ಮದು ಎಂದು ಬರೆದರು.

ಯಜಮಾನರು ನನ್ನನ್ನು ಕೇಳದೆ ಒಪ್ಪಿದರು. ಎರಡು ದಿನ ನಾನು ಮಾತಾಡಲಿಲ್ಲ. ಮೂರನೆಯ ದಿನ ಹೇಳಿದೆ: "ಅವಳ ಅಪ್ಪಣೆ ಆಗದೆ ನಾನು ಕೈ ಬಿಡಕಿಲ್ಲ ಕಣ್ರೀ. ಹೂ ಇಟ್ಟು ಕೇಳ್ತೀನಿ. ಬಲಕ್ಕೆ ಬಿದ್ರೆ ಅಲ್ಲೇ ಬುಟ್ಟು ಬತ್ತೀನಿ. ಎಡಕ್ಕೆ ಬಿದ್ರೆ ಹಂಗೇ ಎತ್ಕೊಂಡು ವಾಪಸ್ ಬತ್ತೀನಿ."

"ಎಡಕ್ಕೆ ಬಿದ್ರೆ ಗೇರು?" ಎಂದರು. ನಾನು ಒಲೆ ಕಡೆ ತಿರುಗಿಕೊಂಡೆ.

ವಿಮಾನ ನಿಲ್ದಾಣದಲ್ಲಿ ಚೀಲ ನೋಡುವ ಹುಡುಗಿ ಕಣ ಬಿಚ್ಚಿಸಿದಳು. "ಇದೇನ್ ಆಂಟಿ?" "ದೇವರು ಕಣವ್ವ." ಅವಳು ಮುಟ್ಟದೆ, ನೀವೇ ಸುತ್ತಿಕೊಳ್ಳಿ ಎಂದಳು. ಅಷ್ಟರಲ್ಲಿ ನನ್ನ ಚಪ್ಪಲಿಯನ್ನೂ ಬಿಡಿಸಿಯಾಗಿತ್ತು. ದೇವರನ್ನು ಬಿಚ್ಚಿ ತೋರಿಸುವಾಗ ಕಾಲಲ್ಲಿ ಚಪ್ಪಲಿ ಇಲ್ಲದ್ದು ಒಂದು ಪುಣ್ಯ ಅಂದುಕೊಂಡೆ.

ಗುರುವಾರ, ಸರೋವರದ ಊರು

ಎರಡು ವಿಮಾನ, ಒಂದು ಬಸ್ಸು. ಒಂದರಲ್ಲೂ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಚೀಲವನ್ನು ಮೇಲಿಡಿ ಎಂದರು, ಇಡಲಿಲ್ಲ. ತೊಡೆಯ ಮೇಲಿಟ್ಟುಕೊಂಡೆ, ಆಮೇಲೆ ಕಾಲ ಬಳಿ, ಕಾಲ ಬಳಿ ದೇವರೇ ಎಂದು ಮತ್ತೆ ತೊಡೆಗೆ. ಪಕ್ಕದ ಸೀಟಿನ ದೊಡ್ಡ ಮನುಷ್ಯ ನನ್ನ ಒದ್ದಾಟ ನೋಡಿ ತನ್ನ ದಿಂಬನ್ನು ಚೀಲದ ಕೆಳಗೆ ಸೇರಿಸಿಕೊಟ್ಟ. ಒಂದು ಮಾತೂ ಕೇಳಲಿಲ್ಲ. ಆ ದೇಶದವರ ಗುಣವೇ ಹಾಗೆ ಕಂಡಿತು. ನಮ್ಮ ಕಡೆಯಾಗಿದ್ದರೆ ದಿಂಬಿಗೆ ಮೊದಲು ಊರು, ಮಕ್ಕಳು, ಚೀಲದಲ್ಲೇನು ಎಲ್ಲ ಹೇಳಬೇಕಿತ್ತು. ಹೇಳಿದ್ದರೆ ನನಗೂ ಸ್ವಲ್ಪ ಹಗುರವಾಗುತ್ತಿತ್ತೇನೋ.

ಊರು ಸಣ್ಣದು, ಪಿರಿಯಾಪಟ್ಟಣಕ್ಕಿಂತ ಸಣ್ಣದು. ಪಕ್ಕದಲ್ಲಿ ಸರೋವರ. ತುಂಬಿದ ಕಬಿನಿಯನ್ನು ನೋಡಿದ್ದೇನೆ, ಅದಕ್ಕೆ ಆಚೆ ದಡವಾದರೂ ಇದೆ. ಇದಕ್ಕೆ ದಡವೇ ಕಾಣದು, ಆದರೂ ಕುಡಿಯುವ ನೀರಂತೆ. ಹೊಲದಲ್ಲೆಲ್ಲ ಮುಸುಕಿನ ಜೋಳ ಒಣಗಿ ನಿಂತಿತ್ತು. ಅಲ್ಲಲ್ಲಿ ಕೆಂಪು ಬಣ್ಣದ ಎತ್ತರದ ಮನೆಗಳು. "ನೋಡಿ, ಇಲ್ಲೂ ಹೊಗೆಸೊಪ್ಪು ಬೇಯ್ಸೋ ಬ್ಯಾರನ್ನು" ಎಂದೆ. "ಹುಲ್ಲು ಇಡೋ ಮನೆ ಕಣೆ ಅದು" ಎಂದರು ಯಜಮಾನರು. ಬೆಟ್ಟದಪುರದ ಕಡೆ ಹೋಗುವ ದಾರಿ ಅಂತಲೇ ಅಂದುಕೊಂಡು ಒಂದು ಗಳಿಗೆ ಸಮಾಧಾನವಾಗಿದ್ದೆ, ಅದೂ ಹೋಯಿತು.

ಮನೆ ಮನೆ ಬಾಗಿಲಲ್ಲೂ ಕುಂಬಳಕಾಯಿ. ದೃಷ್ಟಿಗಿರಬೇಕು ಅಂದುಕೊಂಡೆ. ಯಾವುದೋ ಹಬ್ಬಕ್ಕಂತೆ, ಅದಕ್ಕೆ ಮೂಗು ಬಾಯಿ ಕೊರೆದು ದೀಪ ಇಡುತ್ತಾರಂತೆ. ಪಕ್ಕದಲ್ಲೇ ಸೇವಂತಿಗೆ ಕುಂಡ. ಹಳದಿ, ಕೆಂಪು, ನೇರಳೆ. ಅಷ್ಟು ಸೇವಂತಿಗೆ ಅರಳಿದೆ, ಮುಡಿಯುವವರೇ ಇಲ್ಲ. ಯಜಮಾನರು ಅದನ್ನು ನೋಡಿ, "ಸರಿ ಹೋಯ್ತು. ಇಲ್ಲಿ ಹೂ ಸಿಕ್ಕಕಿಲ್ಲ ಅಂತ ನಾನಿದ್ದೆ" ಎಂದರು. ಹೂವಿಲ್ಲದಿದ್ದರೆ ಅಪ್ಪಣೆ ಕೇಳದೆಯೇ ಕೊಟ್ಟುಬಿಡಬಹುದು ಎಂಬ ಅವರ ಲೆಕ್ಕಾಚಾರ ನನಗೆ ಅಲ್ಲೇ ಗೊತ್ತಾಗಿದ್ದು.

ಶುಕ್ರವಾರ, ಹೋಟೆಲಿನ ಕೋಣೆ

ಕೋಣೆಯಲ್ಲಿ ದೇವರನ್ನಿಡಲು ಜಾಗ ಹುಡುಕಿ ಹುಡುಕಿ ಸೋತೆ. ಟಿವಿಯ ಮುಂದೆ ಬೇಡ, ಫ್ರಿಜ್ಜಿನೊಳಗೆ ಹಿಂದಿನವರು ಏನಿಟ್ಟಿದ್ದರೋ, ಅದರ ಮೇಲೂ ಬೇಡ. ಕೊನೆಗೆ ಬೀರುವಿನಲ್ಲಿ ಇಸ್ತ್ರಿ ಹಾಕುವ ಹಲಗೆ ಸಿಕ್ಕಿತು. ಕಾಲು ಮಡಚಿ ಹಾಸಿದರೆ ಒಳ್ಳೆಯ ಮಣೆ. ಅದರ ಮೇಲೆ ಇಂಜಿನಮ್ಮನನ್ನು ಪೂರ್ವಕ್ಕೆ ಕೂರಿಸಿದೆ. ಕೋಣೆ ಗುಡಿಸುವ ಹೆಂಗಸು ಬಂದಳು, ನೋಡಿದಳು, ಯಂತ್ರದಲ್ಲಿ ಮಣೆಯ ಸುತ್ತ ಅಚ್ಚುಕಟ್ಟಾಗಿ ಗುಡಿಸಿ ಹೋದಳು. ಎಲ್ಲಿಯ ತಾಯಿಯೋ, ಅವಳಿಗೆ ಒಳ್ಳೆಯದಾಗಲಿ.

ಹುಣಸೆಹಣ್ಣು ಮನೆಯಿಂದಲೇ ಕಟ್ಟಿಕೊಂಡು ಹೋಗಿದ್ದೆ. ಪ್ರತಿ ಶುಕ್ರವಾರದ ಹಾಗೆ ಹುಣಸೆಹಣ್ಣು ಹಚ್ಚಿ ಉಜ್ಜಿ ತೊಳೆದೆ, ಚಿನ್ನದ ಹಾಗೆ ಹೊಳೆಯಿತು. ಬೆಳ್ಳಿ ಕಣ್ಣುಗಳ ಸುತ್ತ ಮಾತ್ರ ನಾಜೂಕು. ಆ ಕಣ್ಣು ಯಜಮಾನರ ಅಜ್ಜಿಯ ಹರಕೆ. ಎಚ್.ಡಿ. ಕೋಟೆ ಕಡೆಯ ಕಾಡಿನ ಹಾಡಿಯವರು ತಂದುಕೊಡುವ ಜೇನುಮೇಣ ಕಾಯಿಸಿ ಅಂಟಿಸಿದ್ದು, ಅಂದಿನಿಂದ ಅಲುಗಿಲ್ಲ.

"ನಾಳೆ ಕೊಡೋಳ್ನ ಇವತ್ತು ಯಾಕ್ ಅಷ್ಟು ಉಜ್ತೀಯ?" ಎಂದರು ಯಜಮಾನರು.

"ಕೊಡ್ತೀನಿ ಅಂತ ಯಾರಂದ್ರು?"

"ಆಯ್ತು ಬುಡು ತಾಯಿ, ಉಜ್ಜು."

ಅವರು ಕಿಟಕಿಯ ಹತ್ತಿರ, ನಾನು ಬಾಗಿಲ ಹತ್ತಿರ. ಒಂದು ಸಲ ಅವರು ಎದ್ದು ಅಡ್ಡಾಡುವುದು, ಒಂದು ಸಲ ನಾನು. ಎಡಕ್ಕೆ ಬೀಳಿಸು ತಾಯಿ ಎಂದು ನಾನು ಬೇಡುತ್ತಿದ್ದೆ. ಅವರೂ ಮನಸ್ಸಿನಲ್ಲಿ ಅವಳನ್ನೇ ಬೇಡುತ್ತಿದ್ದರೆಂದು ಕಾಣುತ್ತದೆ, ಇನ್ನೊಂದು ಕಡೆಗೆ.

ಶನಿವಾರ, ಹಳೆಯ ಕಾರ್ಖಾನೆ

ಕಾರ್ಖಾನೆಯ ಒಂದು ಕೊಟ್ಟಿಗೆ ಮಾತ್ರ ಉಳಿದಿದೆ, ಅದನ್ನೇ ಸಂಗ್ರಹಾಲಯ ಮಾಡಿದ್ದಾರೆ. ಬಾಗಿಲಲ್ಲಿ ಎಲೆನ್ ಎಂಬ ಹೆಂಗಸು ನಿಂತಿದ್ದಳು. ನನ್ನಷ್ಟೇ ವಯಸ್ಸು. ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದು, ಅರೆನಿದ್ದೆಯಲ್ಲಿದ್ದ ಹಾಗೆ ಕಾಣುತ್ತಾಳೆ. ಕಂಪನಿ ಕಟ್ಟಿದ ಅಣ್ಣತಮ್ಮಂದಿರಲ್ಲಿ ಹಿರಿಯವನ ಮರಿಮಗಳು ಇವಳು. ಜೊತೆಗೆ ಉಗ್ರಾಣ ನೋಡಿಕೊಳ್ಳುವ ವಾಲ್ಟರ್ ಎಂಬ ಮುದುಕ. ಯಜಮಾನರು ಐಟಿಐ ಓದಿದವರು, ಅವರ ಇಂಗ್ಲಿಷು ಇಂಜಿನ್ನಿನ ವಿಷಯಕ್ಕೆ ಸಾಲುತ್ತದೆ. ಅವರು ಹೇಳಿದ್ದನ್ನೂ ನಾನು ಅರ್ಧಂಬರ್ಧ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಅಣ್ಣತಮ್ಮಂದಿರ ಅಪ್ಪ ಕುದುರೆ ಗಾಡಿ ಮಾಡುತ್ತಿದ್ದವನು. ಅವನು ಬೇಗ ಹೋದ. ತಾಯಿ ಗಾಡಿಯ ಸೀಟಿಗೆ ಚರ್ಮ ಹೊಲಿದು ಇಬ್ಬರನ್ನೂ ಸಾಕಿದಳು. ಮಕ್ಕಳು ಅದೇ ಗಾಡಿಗೆ ಇಂಜಿನ್ ಕೂರಿಸಿ ಕಾರು ಮಾಡಿದರು. ಅವರ ಮೊದಲ ಕಾರು ಅಲ್ಲೇ ನಿಂತಿದೆ. ಕುದುರೆ ಬಿಚ್ಚಿದ ಜಟಕಾ ಗಾಡಿ, ಅಷ್ಟೇ. ತಿರುಗಿಸಲು ಚಕ್ರವಿಲ್ಲ, ನೇಗಿಲ ಮೇಣಿಯ ಹಾಗೆ ಒಂದು ಕೋಲು. ಕಾರು ಕೊಳ್ಳುವವರು ಕಡಿಮೆ, ನಕ್ಕವರೇ ಹೆಚ್ಚು. ಆಮೇಲೆ ಹಾಲಿನವನೊಬ್ಬ ಬಂದು ಕ್ಯಾನು ಸಾಗಿಸಲು ಗಾಡಿ ಮಾಡಿಕೊಡಿ ಎಂದ. ಅಲ್ಲಿಂದ ಹಾಲು, ಬ್ರೆಡ್ಡು, ಮಂಜುಗಡ್ಡೆ ಸಾಗಿಸುವ ಲಾರಿಗಳು ಅವರ ಕೈ ಹಿಡಿದವು. ಗಟ್ಟಿ ರಬ್ಬರಿನ ಟೈರು, ಗಾಳಿ ಹಾಕುವ ಮಾತೇ ಇಲ್ಲ. ಹಿರಿಯ ಮಗ ಮೊದಮೊದಲ ಲಾರಿಗಳ ಮೂತಿಗೆ ತಾಯಿಯ ಮುಖವನ್ನೇ ಎರಕ ಹೊಯ್ಸಿ ಹಾಕಿಸಿದ.

"ತಾಯಿನಾ? ಅಂದ್ರೆ ಅಮ್ಮನೇ!" ಎಂದು ನಾನು ಕನ್ನಡದಲ್ಲೇ ಕೂಗಿಬಿಟ್ಟೆ. ಅಜ್ಜಿ ತಪ್ಪು ಮಾಡಿರಲಿಲ್ಲ. ಮೈಯೆಲ್ಲ ಹಗುರಾಯಿತು.

ಮೊದಲನೆಯ ಮಹಾಯುದ್ಧ ಬಂದು ಲಾರಿಗಳು ಹಡಗು ಹತ್ತಿದವು. ಯುದ್ಧ ಮುಗಿದ ಮೇಲೆ ಎಲ್ಲೆಲ್ಲಿಗೋ ಮಾರಾಟವಾದವು. ಹೆಚ್ಚು ಲಾರಿ ಮಾರಬೇಕಾದಾಗ ಕಿರಿಯ ಮಗ, ಮುದುಕಿಯ ಮುಖ ನೋಡಿ ಯಾರು ಲಾರಿ ಕೊಳ್ಳುತ್ತಾರೆ ಎಂದ. ಬಿಲ್ಲೆಯಲ್ಲಿ ಬರೀ ಅಕ್ಷರ ಬಂತು. ಉಳಿದಿದ್ದ ಮುಖಗಳನ್ನೆಲ್ಲ ಕರಗಿಸಿ ಇಂಜಿನ್ನಿನೊಳಗೆ ಹಾಕುವ ಬುಷ್ ಮಾಡಿಕೊಂಡರು. ಅಣ್ಣ ಅಂದಿನಿಂದ ತಮ್ಮನ ಮನೆಯಲ್ಲಿ ಊಟ ಮಾಡಲಿಲ್ಲವಂತೆ. ಇಬ್ಬರೂ ಒಂದೇ ಕಾರ್ಖಾನೆಗೆ ಬರುತ್ತಿದ್ದರು, ಬೇರೆ ಬೇರೆ ಬಾಗಿಲಿನಿಂದ. ದೊಡ್ಡ ಕಂಪನಿಗಳು ಸಾಲು ಸಾಲಾಗಿ ಗಾಡಿ ಇಳಿಸುವ ಕಾಲಕ್ಕೆ ಇವರು ಇನ್ನೂ ಒಂದೊಂದನ್ನೇ ಕೈಯಲ್ಲಿ ಕೂಡಿಸುತ್ತಿದ್ದರು. ಕೆಟ್ಟ ಕಾಲ ಬಂತು, ಬಾಗಿಲು ಮುಚ್ಚಿದರು. ಕೊನೆಯ ದಿನಗಳಲ್ಲಿ ಕೆಲಸದವರು ಉಳಿದ ಸಾಮಾನು ಗುಡ್ಡೆ ಹಾಕಿ, ಊರಿಗೆ ಇರಲಿ ಎಂದು ಬೆಂಕಿ ಆರಿಸುವ ಒಂದು ಲಾರಿ ಮಾಡಿಟ್ಟು ಮನೆಗೆ ಹೋದರು. ಅದೂ ಅಲ್ಲೇ ಇದೆ, ಕೆಂಪಗೆ. ನಾನು ಅದಕ್ಕೂ ಕೈ ಮುಗಿದೆ.

"ತಾಯಿಯ ಒಂದು ಫೋಟೋ ಕೂಡ ನಮ್ಮಲ್ಲಿ ಉಳಿದಿಲ್ಲ" ಎಂದಳು ಎಲೆನ್. "ಮುಖ ಹೇಗಿತ್ತೆಂದು ನಮಗೆ ಯಾರಿಗೂ ಗೊತ್ತಿಲ್ಲ. ನಿಮ್ಮ ವಿಡಿಯೋ ನೋಡಿದ ದಿನ ನಾನು ಅತ್ತುಬಿಟ್ಟೆ." ಕೈಗೆ ಬಿಳಿ ಗವಸು ಹಾಕಿಕೊಂಡಳು.

ನಾನು ಮೇಜಿನ ಮೇಲೆ ಕಣ ಬಿಚ್ಚಿದೆ.

ಎಲೆನ್ ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು. ವಾಲ್ಟರ್ ಭೂತಗನ್ನಡಿ ತಂದ. ಆಮೇಲೆ ಇಬ್ಬರೂ ಮೆಲ್ಲಗೆ ಏನೋ ಮಾತಾಡಿಕೊಂಡರು. ಯಜಮಾನರ ಮುಖ ಕಪ್ಪಿಟ್ಟಿತು.

"ಏನಂತ್ರೀ?"

"ಮುಖ ಎಲ್ಲಿ ಅಂತ ಕೇಳ್ತಾವ್ರೆ."

ಆಗ ನಾನೂ ಅವರ ಕಣ್ಣಿನಿಂದ ನೋಡಿದೆ. ಮೂಗಿಲ್ಲ, ತುಟಿಯಿಲ್ಲ, ಹಣೆಯ ಮೇಲೆ ಕೂದಲ ಗೆರೆಯಿಲ್ಲ. ನುಣ್ಣಗೆ ಹೊಳೆಯುವ ಹಿತ್ತಾಳೆ, ನಡುವೆ ಮೂಗಿನ ಜಾಗದಲ್ಲಿ ಒಂದು ಸಣ್ಣ ಉಬ್ಬು, ಎರಡು ಬೆಳ್ಳಿ ಕಣ್ಣು. ನನಗೆ ಮಾತ್ರ ದಿನಾ ಅದರಲ್ಲಿ ತುಂಬು ಮುಖ ಕಾಣುತ್ತಿತ್ತು. ಅಜ್ಜಿ ಉಜ್ಜಿ, ಅತ್ತೆ ಉಜ್ಜಿ, ಮೂವತ್ತೊಂದು ವರ್ಷ ನಾನು ಉಜ್ಜಿ, ನಿನ್ನೆಯೂ ಉಜ್ಜಿ. ಅವಳ ಮುಖವನ್ನು ನಾವೇ ಹುಣಸೆಹಣ್ಣಿನಲ್ಲಿ ತೊಳೆದು ಹಾಕಿದ್ದೆವು.

ವಾಲ್ಟರ್ ಒರಟನಲ್ಲ. ಆದರೂ ಇದು ನಮ್ಮ ಬಿಲ್ಲೆಯೇ ಎಂದು ಸಂಘದವರಿಗೆ ಏನು ತೋರಿಸಲಿ, ಇರುವ ಒಂದೇ ಗೇರನ್ನು ಹೇಗೆ ಕೊಡಲಿ ಎಂದ. ಗೇರು ಅಲ್ಲೇ ಮೇಜಿನ ತುದಿಯಲ್ಲಿ, ಎಣ್ಣೆ ಕಾಗದದ ಮೇಲಿತ್ತು. ಅದನ್ನು ಮುಟ್ಟಿಕೊಂಡಿದ್ದ ಯಜಮಾನರು ಕೈ ತೆಗೆದರು.

ನನ್ನನ್ನು ಬೈಯಲಿಲ್ಲ, ಅದೊಂದು ಪುಣ್ಯ. ಬಿಲ್ಲೆಯ ಮೇಲೆ ಬಗ್ಗಿ, "ಬೆಳ್ಳಿ ಕಣ್ಣಿನ ಅಡಿಲಿ ನೀನು ಉಜ್ಜಿಲ್ಲ, ಅಲ್ವಾ?" ಎಂದರು.

ದೇವರ ಕಣ್ಣು ಕೀಳುವುದೇ! "ಮೊದ್ಲು ಅಪ್ಪಣೆ" ಎಂದೆ.

ಹೊರಗೆ ಹೋಗಿ ಕುಂಡದಿಂದ ಒಂದು ಹಳದಿ ಸೇವಂತಿಗೆ ಕೇಳಿ ಕಿತ್ತುಕೊಂಡು ಬಂದೆ. ಬಿಲ್ಲೆಯನ್ನು ಗೋಡೆಗೆ ಒರಗಿಸಿದೆ. ಎಲೆನ್‌ಗೆ ಯಜಮಾನರು ವಿವರಿಸಿದರು. ಬಲಕ್ಕೆ ಬಿದ್ದರೆ ಇಲ್ಲಿರಲು ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಬೀಳದಿದ್ದರೆ? ಬೀಳುವ ತನಕ ಕಾಯುವುದು. ವಾಲ್ಟರ್ ಹೋಗಿ ಫ್ಯಾನ್ ಆರಿಸಿ ಬಂದ. ಅವನಿಗೆ ಯಾರೂ ಹೇಳಿರಲಿಲ್ಲ. ಟೋಪಿಯನ್ನೂ ತೆಗೆದು ಕೈಯಲ್ಲಿ ಹಿಡಿದ.

ಹೂವಿನ ತೊಟ್ಟು ಒದ್ದೆ ಮಾಡಿ ಬಿಲ್ಲೆಯ ನೆತ್ತಿಯ ಮೇಲೆ ಇಟ್ಟೆ. ನಮ್ಮ ಮನೆಯಲ್ಲಿ ಮೈದುನನ ಮಗಳ ಮದುವೆಗೆ ಅಪ್ಪಣೆ ಕೇಳಿದಾಗ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾಯಿಸಿದ್ದಳು. ಕೂತು ಕಾಯಲು ಎಲೆನ್ ನನಗೊಂದು ಕುರ್ಚಿ ಎಳೆಯುತ್ತಿದ್ದಳು.

ನಾನಿನ್ನೂ ಕೈ ತೆಗೆದಿರಲಿಲ್ಲ. ಹೂ ಬಲಕ್ಕೆ ಜಾರಿತು.

ಇಷ್ಟು ಬೇಗನಾ ತಾಯಿ? ಮೂವತ್ತೊಂದು ವರ್ಷದ ಋಣ, ಒಂದು ಗಳಿಗೆಯಾದರೂ ಯೋಚನೆ ಮಾಡಬಾರದಿತ್ತೇ? ಕೋಪವೇ ಬಂತು ಅಂದರೂ ಸರಿ. ಎಲೆನ್ ಎಳೆದ ಕುರ್ಚಿಯಲ್ಲಿ ಕೂತೆ. ಕೂತ ಮೇಲೆ ನನ್ನ ವಿಷಯವೇ ನೆನಪಾಯಿತು. ಮದುವೆಯಾದ ಹೊಸದರಲ್ಲಿ ರಾವಂದೂರಿನಿಂದ ನಮ್ಮಣ್ಣ ಕರೆಯಲು ಬಂದರೆ, "ಹೋಗ್ತೀಯಾ?" ಎಂದು ಅತ್ತೆ ಕೇಳಿ ಮುಗಿಸುವುದರೊಳಗೆ ನಾನು ಚೀಲ ಹಿಡಿದು ಹೊಸಿಲಲ್ಲಿರುತ್ತಿದ್ದೆ. ಅತ್ತೆಯ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ತವರು ಅಂದರೆ ಹಾಗೆ. ಇವಳು ಎಷ್ಟು ವರ್ಷ ಕಾದಿದ್ದಳೋ.

ಬಿಸಿನೀರು ತರಿಸಿ, ಬಟ್ಟೆ ಅದ್ದಿ, ನಾನೇ ಮೇಣ ಮೆತ್ತಗೆ ಮಾಡಿದೆ. ಬಲಗಣ್ಣು ಬಂತು, ಎಡಗಣ್ಣು ಬಂತು. ಕೆಳಗೆ ಹಿತ್ತಾಳೆಯ ಕಣ್ಣುಗಳು ನಿನ್ನೆ ಎರಕ ಹೊಯ್ದ ಹಾಗಿದ್ದವು. ಒಂದೊಂದು ರೆಪ್ಪೆಗೂದಲು, ಕಣ್ಣಿನ ತುದಿಯಲ್ಲಿ ಹೊಲಿಗೆಗೆ ಬಗ್ಗಿ ಬಗ್ಗಿ ಬಿದ್ದ ಸುಕ್ಕು. ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿತ್ತು.

ನಾನು ತಲೆಯೆತ್ತಿ ಎಲೆನ್‌ಳನ್ನು ನೋಡಿದೆ. ಯಜಮಾನರೂ ನೋಡಿದರು. ವಾಲ್ಟರ್ ನೋಡಿದ. ಎಲೆನ್ ಮಾತ್ರ, ನಮ್ಮನ್ನೆಲ್ಲ ನೋಡಿ, "ಏನು? ಏನು?" ಎಂದು ಕೇಳುತ್ತಿದ್ದಳು. ವಾಲ್ಟರ್ ಅವಳ ಭುಜ ಹಿಡಿದು ಗೋಡೆಯ ಕನ್ನಡಿಯ ಮುಂದೆ ನಿಲ್ಲಿಸಿದ. ಆಮೇಲೆ ಗೇರನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಯಜಮಾನರ ಕೈಗಿಟ್ಟ. ಯಾರನ್ನೂ ಕೇಳಲಿಲ್ಲ.

ಬೆಳ್ಳಿ ಕಣ್ಣುಗಳನ್ನು ಎಲೆನ್‌ಗೇ ಕೊಟ್ಟೆ. ಮಗಳನ್ನು ತವರಿಗೆ ಕಳಿಸುವಾಗ ಒಡವೆ ಕಿತ್ತುಕೊಳ್ಳುತ್ತಾರೆಯೇ? ಪೂಜೆ ಮಾಡುತ್ತೀರಾ ಎಂದು ಯಜಮಾನರಿಂದ ಕೇಳಿಸಿದೆ. ಪ್ರತಿ ಸೋಮವಾರ ಧೂಳು ಒರೆಸುತ್ತೇವೆ ಎಂದಳು. ಸರಿ, ವಾರಕ್ಕೊಮ್ಮೆ ಒಬ್ಬರ ಕೈ ತಾಗುತ್ತದಲ್ಲ, ಸಾಕು. "ಬರೀ ಬಟ್ಟೆಲಿ ಒರಸ್ಲಿ ಅಂತ ಹೇಳ್ರೀ. ಹುಣಸೆಹಣ್ಣು ಮಾತ್ರ ಬ್ಯಾಡ" ಎಂದೆ. ಅದನ್ನು ಯಜಮಾನರು ಇಂಗ್ಲಿಷಿನಲ್ಲಿ ಹೇಳುವಾಗ ಅವರಿಗೇ ನಗು ತಡೆಯಲಿಲ್ಲ. ಎರಡು ದಿನಕ್ಕೆ ಅದೇ ಮೊದಲ ನಗು.

ಮನೆ

ಬರುವಾಗ ಗೇರು ಯಜಮಾನರ ತೊಡೆಯ ಮೇಲೆ, ನನ್ನ ತೊಡೆ ಖಾಲಿ. ಕೈ ಎಲ್ಲಿಡಬೇಕೆಂದು ತಿಳಿಯದೆ ದಾರಿಯುದ್ದಕ್ಕೂ ಸೆರಗು ತಿರುವಿದೆ. ಯಜಮಾನರು ನೋಡಿ ನೋಡಿ ಒಂದು ಸಲ ಗೇರನ್ನು ನನ್ನ ತೊಡೆಗೆ ದಾಟಿಸಿ, "ಇಟ್ಕೊ ಸ್ವಲ್ಪ, ಕಾಲು ಜೋಮು ಹಿಡೀತು" ಎಂದರು. ಕಾಲಿಗೆ ಏನೂ ಆಗಿರಲಿಲ್ಲವೆಂದು ನನಗೆ ಗೊತ್ತು.

ಗೇರು ಕೂತಿತು. ಇಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಮೈದುನ ಎದೆಯ ಮೇಲೆ ಕೈ ಕಟ್ಟಿ ಸಾಯಂಕಾಲದವರೆಗೆ ನೋಡಿ, ಆಮೇಲೆ ತಾನೇ ಗಾಣಕ್ಕೆ ಕಬ್ಬು ಕೊಡಲು ನಿಂತ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು, ನಾನು ಪಾಕ ನೋಡಿ ಹೇಳಿದ ಮೇಲೆ ಮೊದಲ ಅಚ್ಚು ಬೆಲ್ಲ ಇಳಿಯಿತು.

ಆಗ ಎಲ್ಲರೂ ನನ್ನ ಕಡೆ ನೋಡಿದರು. ಹಂಗಾಮಿನ ಮೊದಲ ಅಚ್ಚು ಇಂಜಿನಮ್ಮನಿಗೆ. ಅವಳಿಗೆ ಇಡದೆ ಆಲೆಮನೆಯಲ್ಲಿ ಯಾರೂ ಬೆಲ್ಲ ಬಾಯಿಗಿಡುವುದಿಲ್ಲ, ಅಜ್ಜಿಯ ಕಾಲದಿಂದ ಬಂದದ್ದು. ನಾನು ಬಿಸಿ ಅಚ್ಚನ್ನು ಬಾಳೆ ಎಲೆಯಲ್ಲಿ ಹಿಡಿದು, ಎಲ್ಲಿಡಲಿ ಎಂದು ಇಂಜಿನ್ನಿನ ಸುತ್ತ ಒಂದು ಸುತ್ತು ಬಂದೆ, ಗೂಡಿನ ಕಡೆ ಎರಡು ಹೆಜ್ಜೆ ಹೋದೆ, ಮತ್ತೆ ಬಂದೆ. ಎಲೆ ಸುಡುತ್ತಿತ್ತು.

ಒಲೆಗೆ ಸಿಪ್ಪೆ ಹಾಕುವ ಪುಟ್ಟತಾಯಮ್ಮ ಹಂಪಾಪುರದ ಕಡೆಯವಳು. ಹಂಗಾಮಿಗೆಂದು ಬಂದರೆ ಆಲೆಮನೆಯ ಹಿಂದೆಯೇ ಇರುತ್ತಾಳೆ. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಅದೇನ್ ಅಮ್ಮಾರೆ, ಬೆಕ್ಕು ಮರಿ ಎತ್ಕೊಂಡಂಗೆ ತಿರುಗ್ತಾ ಇದ್ದೀರಾ?"

"ಇವಳಿಲ್ವಲ್ಲೇ ಪುಟ್ಟತಾಯಿ. ಎಲ್ಲಿಡ್ಲಿ?"

"ಅವ್ವ ತವರಿಗೋದ್ಲು ಅಂತ ಮನೇಲಿರೋರು ಉಪಾಸ ಕುಂತ್ಕತಾರಾ? ಅಲ್ಲಿ ಅವ್ಳಿಗೆ ಇಕ್ಕೋರವ್ರೆ. ತನ್ನಿ ಇತ್ತಗೆ, ಆರೋಯ್ತದೆ."

ಎಂದವಳೇ ಮಸಿ ಕೈಯನ್ನು ಸೀರೆಗೆ ಒರೆಸಿ, ಅಚ್ಚಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡಳು. ನಾವೆಲ್ಲ ಇಂಜಿನ್ನಿನ ಕಡೆ ತಿರುಗಿ ನೋಡಿದೆವು. ಇಂಜಿನ್ ತನ್ನ ಪಾಡಿಗೆ ಓಡುತ್ತಿತ್ತು.

"ಚೂರು ಪಾಕ ಜಾಸ್ತಿ ಆಗದೆ" ಎಂದಳು ಪುಟ್ಟತಾಯಮ್ಮ, ಅಗಿಯುತ್ತಾ. "ನೀವು ಇನ್ನೂ ಅಮೇರಿಕದಲ್ಲೇ ಇದ್ದೀರಿ."